ಚೆನ್ನಾಗಿದೆ ಅನ್ನಬಾರದು

ಸಂತಾಪ ಸಭೆಯಲ್ಲಿ ಐದು ಜನ ಮಾತಾಡಿದರು. ಐವರೂ ತೀರಿಕೊಂಡವರ ಮೂಗಿನ ಬಗ್ಗೆಯೇ ಮಾತಾಡಿದರು. ಅಂಥ ಮೂಗು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಬಟ್ಟಲಿನ ಮೇಲೆ ಒಮ್ಮೆ ಬಗ್ಗಿದರೆ ಸಾಕು, ಯಾವ ತೋಟದ ಕಾಫಿ, ಒಣಗಿಸುವಾಗ ಎಷ್ಟು ದಿನ ಮೋಡ ಇತ್ತು ಎಲ್ಲ ಹೇಳಿಬಿಡುತ್ತಿದ್ದರು ಎಂದು ಒಬ್ಬರಾದ ಮೇಲೆ ಒಬ್ಬರು ಹೊಗಳಿದರು. ಆ ಮೂಗಿಗೆ ಬೇರೆಯೇ ವಿಮೆ ಮಾಡಿಸಬೇಕಿತ್ತು ಎಂದು ಒಬ್ಬ ಪ್ಲಾಂಟರು ಸಭೆಯನ್ನು ನಗಿಸಿದರು. ನಾನು ಕೊನೆಯ ಸಾಲಿನಲ್ಲಿ ಕೂತಿದ್ದವನು ಮೌನಾಚರಣೆಗೆ ಎದ್ದು ನಿಂತು, ಅದು ಮುಗಿದದ್ದೇ ತಡ, ಕಾಫಿಯನ್ನೂ ಕುಡಿಯದೆ ಮನೆಗೆ ಬಂದೆ. ಸಿಟ್ಟು ಬಂದಿತ್ತು. ಅವರ ಕಿವಿಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ನನ್ನನ್ನು ಯಾರೂ ಮಾತಾಡಲು ಕರೆಯಲಿಲ್ಲ ಎಂಬ ಸಿಟ್ಟೂ ಅದರಲ್ಲಿ ಸೇರಿತ್ತು, ಒಪ್ಪಿಕೊಳ್ಳುತ್ತೇನೆ. ಕರೆದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಹಾಗೆಂದು ಅವರೇ ಹೇಳಿದ್ದರು.

ಅವರು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಟೇಸ್ಟರ್ ಆಗಿದ್ದವರು. ತೋಟಗಳಿಂದ ಬಂದ ಕಾಫಿಯ ಮಾದರಿಯನ್ನು ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದೇ ಚಮಚ ಎತ್ತಿ ಸುರ್ರನೆ ಎಳೆದುಕೊಂಡು, ಬಾಯೊಳಗೆ ಆಡಿಸಿ ಉಗಿದು, ಅದರ ಗುಣದೋಷ ಬರೆಯುವುದು ಅವರ ಕೆಲಸ. ನನಗೆ ಅವರ ಪರಿಚಯವಾದದ್ದು ಅವರು ಆ ಕೆಲಸ ಬಿಟ್ಟ ಮೇಲೆ. ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ ಮೊಣಕಾಲು ನೋವು ಎಂದು ರಾಜೀನಾಮೆ ಕೊಟ್ಟು, ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ಬಾಡಿಗೆಗೆ ಇದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಕಳಸದ ಹತ್ತಿರ ಅಕ್ಕ ಒಬ್ಬರಿದ್ದರು. ಮೊಣಕಾಲು ನೋವಿನ ಮನುಷ್ಯ ಆ ಕಡಿದಾದ ಮರದ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದುದು ಊರಲ್ಲಿ ಯಾರ ಗಮನಕ್ಕೂ ಬರಲಿಲ್ಲ. ನನ್ನ ಗಮನಕ್ಕೂ ಬರಲಿಲ್ಲ.

ಸಣಕಲು ಆಸಾಮಿ. ಬಿರುಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜಾಗದಲ್ಲಿ ಅವರು ಒಂದು ಚಮಚ ಇಟ್ಟುಕೊಳ್ಳುತ್ತಿದ್ದರು. ಟೇಸ್ಟರುಗಳು ಬಳಸುವ, ತಲೆ ದುಂಡಗಿರುವ, ಆಳದ ಚಮಚ. ಕೆಲಸ ಬಿಟ್ಟರೂ ಚಮಚ ಬಿಟ್ಟಿರಲಿಲ್ಲ. ಹಿಡಿಯ ಹತ್ತಿರ ಬೆಳ್ಳಿಯ ಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಅದನ್ನು ದುರುದುರು ನೋಡುತ್ತಿದ್ದರು. ಇವರಿಗೆ ಅದರ ಖಬರೇ ಇರುತ್ತಿರಲಿಲ್ಲ.

ಅವರು ನನ್ನ ಮನೆಗೆ ಬರಲು ಕಾರಣ ನನ್ನದೇ ಒಂದು ದಡ್ಡತನ. ನಾನು ಮೂವತ್ತೊಂದು ವರ್ಷ ಇದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವನು. ಮದುವೆ ಕೂಡಿಬರಲಿಲ್ಲ. ಒಂದಷ್ಟು ವರ್ಷ ಕೂಡಿಬರುವ ಹಾಗಿತ್ತು, ಆಮೇಲೆ ಅದೂ ಇಲ್ಲ. ನನಗೆ ಇದ್ದದ್ದು ಒಂದೇ ಹುಚ್ಚು, ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ನಾಲ್ಕೈದು ಜನ ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುವ ಆ ಕಲೆಯ ಕ್ಯಾಸೆಟ್ಟುಗಳು ನನ್ನ ಹತ್ತಿರ ಒಂದು ಬೀರು ತುಂಬ ಇವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಬೀರುವಿನೊಳಗೆ ಒಂದು ಬಲ್ಬು ಉರಿಯುತ್ತಿರುತ್ತದೆ. ನಿವೃತ್ತಿಯಾದ ಮೇಲೆ ಇನ್ನಾದರೂ ಇವನ್ನು ಸರಿಯಾಗಿ ಕೇಳಬೇಕೆಂದು ಆನ್‌ಲೈನಿನಲ್ಲಿ ಒಂದು ಜೊತೆ ಸ್ಪೀಕರ್ ತರಿಸಿದೆ. ಎದೆಯೆತ್ತರದವು. ಬುಡದಲ್ಲಿ ನೀಲಿ ದೀಪ. ಸಾವಿರಾರು ಜನ ಐದು ನಕ್ಷತ್ರ ಕೊಟ್ಟಿದ್ದರು.

ಮದ್ದಲೆ ಹೊಡೆದರೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಪಕ್ಕದ ಮನೆಯವರು ಬಂದು "ಬಾಸ್ ಎಂತಾ ಚೆನ್ನಾಗುಂಟು ಮಾರಾಯ್ರೆ" ಎಂದರು. ನಾನೂ ಹೌದು ಎಂದೆ. ಆದರೆ ಹಾಡುವ ಭಾಗವತರ ಪದ ಮುಗಿದು ಮಾತು ಶುರುವಾದ ಹತ್ತು ನಿಮಿಷಕ್ಕೆ ನನಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಅರ್ಥಧಾರಿ ಡಬ್ಬದೊಳಗೆ ಬಾಯಿಟ್ಟು ಗದರುತ್ತಿರುವ ಹಾಗೆ. ತಪ್ಪು ನನ್ನ ಕಿವಿಯದೇ ಇರಬೇಕು ಎಂದುಕೊಂಡೆ. ಸಾವಿರಾರು ಜನ ಸುಳ್ಳು ಹೇಳುತ್ತಾರೆಯೇ? ಒಂದು ದಿನ ಕಾಫಿಪುಡಿ ಅಂಗಡಿಯಲ್ಲಿ ಇದನ್ನು ಹೇಳಿಕೊಂಡಾಗ ಅಂಗಡಿಯವನು, "ಹಾರ್ಡ್‌ವೇರ್ ಅಂಗಡಿ ಮಹಡಿ ಮೇಲಿರೋ ಟೇಸ್ಟರ್ ಸಾರ್‌ನ ಕೇಳಿ. ಅವ್ರಿಗೆ ಸ್ಪೀಕರುಗಳ್ದೇ ಹುಚ್ಚು" ಎಂದ.

ಬಂದವರು ಸ್ಪೀಕರಿನ ಕಡೆ ನೋಡಲೇ ಇಲ್ಲ.

"ನೀವು ಕೂತ್ಕೊಳ್ಳೋದೆಲ್ಲಿ?" ಎಂದರು. ನನ್ನ ಬೆತ್ತದ ಕುರ್ಚಿ ತೋರಿಸಿದೆ. ಅದರಲ್ಲಿ ಕೂತು ಕಣ್ಣು ಮುಚ್ಚಿದರು. ಆಮೇಲೆ ಎದ್ದು ಚಮಚ ತೆಗೆದು ಗೋಡೆಗೆ, ಬೀರುವಿಗೆ, ಕಿಟಕಿಯ ಹಲಗೆಗೆ ಟಕ್ ಟಕ್ ಎಂದು ತಟ್ಟುತ್ತ ಇಡೀ ಕೋಣೆ ಸುತ್ತಿದರು.

"ಏನು ಕೇಳ್ತೀರಿ?"

"ತಾಳಮದ್ದಲೆ."

"ಅದು ಸರಿ. ಅದರಲ್ಲಿ ಏನನ್ನ ಕೇಳ್ತೀರಿ?"

ನಾನು ಬೀರುವಿನ ಬಾಗಿಲು ತೆರೆದೆ. ಒಂದು ಕ್ಯಾಸೆಟ್ ಹಾಕಿಸಿ ಐದು ನಿಮಿಷ ಕೇಳಿದರು. ಕೇಳುವಾಗ ತಲೆಯನ್ನು ಸ್ವಲ್ಪ ಮುಂದೆ ಚಾಚಿ, ತುಟಿ ಮುದುಡಿ, ಸದ್ದನ್ನೂ ಚಮಚದಿಂದ ಎಳೆದುಕೊಳ್ಳುವವರ ಹಾಗೆ ಕೂರುತ್ತಿದ್ದರು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಹೇಗಿತ್ತು?" ಎಂದರು.

"ಚೆನ್ನಾಗಿದೆ, ಆದ್ರೆ..."

"ಚೆನ್ನಾಗಿದೆ ಅನ್ನಬಾರದು." ಮೇಷ್ಟ್ರು ಕಾಗುಣಿತ ತಿದ್ದುವ ಧ್ವನಿ. "ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಮೊದಲು ಇದನ್ನೇ ಬಿಡಿಸ್ತಿದ್ವಿ. ಚೆನ್ನಾಗಿದೆ ಅಂದ್ರೆ ಎಂತ ಗೊತ್ತಾಯ್ತು? ಏನೂ ಗೊತ್ತಾಗ್ಲಿಲ್ಲ ಅಂತ ಅರ್ಥ. ಏನು ಕೇಳಿಸ್ತು ಹೇಳಿ. ಅಷ್ಟೇ."

ನನಗೆ ಏನು ಕೇಳಿಸಿತು ಎಂದು ಅವರಿಗಿಂತ ಮೊದಲು ಯಾರೂ ಕೇಳಿರಲಿಲ್ಲ. ಯಾವ ವಿಷಯದಲ್ಲೂ.

ಅವರ ಕ್ರಮ ಹೀಗಿತ್ತು. ಸ್ಪೀಕರುಗಳ ಮುಂದೆ ಹಗ್ಗ ಕಟ್ಟಿ ಹಾಸಿಗೆಯ ಹೊದಿಕೆ ಇಳಿಬಿಡುವುದು. ಹಿಂದೆ ಯಾವುದಿದೆ ಎಂದು ಕೇಳುವವನಿಗೆ ಕಾಣಬಾರದು. ಎಲ್ಲವನ್ನೂ ಒಂದೇ ಜೋರಿಗೆ ಇಡುವುದು. "ಸ್ವಲ್ಪ ಜೋರಾಗಿದ್ದದ್ದೇ ಒಳ್ಳೇದು ಅನ್ಸ್ತದೆ. ಅಂಗಡಿಯವ್ರು ಮಾರೋದೇ ಹಾಗೆ. ಸಕ್ಕರೆ ಜಾಸ್ತಿ ಹಾಕಿ ಕೊಟ್ಟ ಹಂಗೆ" ಎನ್ನುತ್ತಿದ್ದರು. ಅರ್ಧ ಗಂಟೆಗಿಂತ ಹೆಚ್ಚು ಕೇಳಿಸುತ್ತಿರಲಿಲ್ಲ. ಅಷ್ಟಾದ ಮೇಲೆ ದಣಿದ ಕಿವಿ ಎಲ್ಲಕ್ಕೂ ಹೌದಪ್ಪ ಹೌದು ಎನ್ನಲು ಶುರು ಮಾಡುತ್ತದಂತೆ. ಮತ್ತು ಯಾವಾಗಲೂ ಮೂರು ಸಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂರು ಬಟ್ಟಲು ಇಟ್ಟು, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ ಹಾಕಿ, ಬೇರೆ ಯಾವುದೆಂದು ಹುಡುಕಿಸುತ್ತಿದ್ದರಂತೆ. ಇಲ್ಲಿ ಬಟ್ಟಲಿನ ಬದಲು ಸ್ಪೀಕರು.

ಎರಡನೇ ಭಾನುವಾರ ಅವರು ತಮ್ಮದೊಂದು ಸ್ಪೀಕರ್ ಹೊತ್ತು ತಂದು ಹೊದಿಕೆಯ ಹಿಂದೆ ಇಟ್ಟರು. ಮೂರು ಸಲ ಅದೇ ಮಾತಿನ ತುಣುಕು ಹಾಕಿದರು. ನಾನು ಆ ಹೊತ್ತಿಗೆ ಸ್ವಲ್ಪ ಪಳಗಿದ್ದೇನೆಂದು ಭಾವಿಸಿದ್ದೆ. ಮೊದಲನೆಯದು ಒಣಕಲು, ಎರಡನೆಯದರಲ್ಲಿ ಧ್ವನಿ ಹತ್ತಿರ ಬಂತು, ಮೂರನೆಯದು ಸ್ವಲ್ಪ ಮೂಗಿನಲ್ಲಿ ಮಾತಾಡುತ್ತದೆ ಎಂದು ಗಂಭೀರವಾಗಿ ವರದಿ ಕೊಟ್ಟೆ. ಅವರು ಎಲ್ಲ ಕೇಳಿಕೊಂಡು ಹೊದಿಕೆ ಸರಿಸಿದರು.

"ಮೂರೂ ಒಂದೇ" ಎಂದರು.

ಅವರು ಮನಸಾರೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸ್ವೆಟರಿನೊಳಗೆ ಇಡೀ ಮನುಷ್ಯ ಅಲುಗಾಡುತ್ತಿದ್ದ. ನನಗೆ ಅವಮಾನವಾಯಿತು. "ಬೇಜಾರು ಮಾಡ್ಕೋಬೇಡಿ ಮಾರಾಯ್ರೆ" ಎಂದರು. "ನಮ್ಮ ದೊಡ್ಡ ಟೇಸ್ಟರು ನನಗೂ ಹೀಗೇ ಮಾಡಿದ್ರು. ನಾನು ಒಂದೇ ಕಾಫಿಗೆ ಮೂರು ತೋಟ ಹೆಸರಿಸಿದ್ದೆ. ಒಂದ್ಸಲ ಈ ಪೆಟ್ಟು ಬಿದ್ರೇನೇ ಕಿವಿ ಬಾಯಿ ಮುಚ್ಕೊಂಡು ಕೂರೋದು." ನಾನೂ ನಕ್ಕೆ. ಆದರೆ ಆ ಅವಮಾನ ಒಳಗೆ ಎಲ್ಲೋ ಉಳಿದುಕೊಂಡಿತು. ಅದು ಮುಂದೆ ಏನು ಮಾಡಿಸಿತೋ ಅದಕ್ಕಾಗಿಯೇ ಇದನ್ನು ಬರೆಯಬೇಕಾಗಿ ಬಂದದ್ದು.

ಬೇರೆಯವರ ಮನೆಗೂ ಹೋಗುತ್ತಿದ್ದರು. ದೇವರಮನೆ ಬೆಟ್ಟದ ಕಡೆಯ ಒಬ್ಬ ಪ್ಲಾಂಟರು ಹೊರದೇಶದಿಂದ ಸ್ಪೀಕರ್ ತರಿಸಿದ್ದರು. ಇವರನ್ನು ಜೀಪು ಕಳಿಸಿ ಕರೆಸಿಕೊಂಡರು, ಹೊಗಳಿಸಿಕೊಳ್ಳಲಿಕ್ಕೆ. ನಾನೂ ಜೊತೆಗೆ ಹೋಗಿದ್ದೆ. ಇವರು ಹಾಲಿನಲ್ಲಿ ಐದು ನಿಮಿಷ ಕೇಳಿ ಎದ್ದು ಸೀದಾ ಅಡುಗೆಮನೆಯ ಕಡೆ ಹೋದರು. ಅಲ್ಲಿ ಫ್ರಿಜ್ಜಿನ ಮೇಲೆ ಒಂದು ಹಳೆಯ ರೇಡಿಯೊ ಸಣ್ಣಗೆ ಹಾಡುತ್ತಿತ್ತು. "ನೀವು ದಿನಾ ಕೇಳೋದು ಇದನ್ನಲ್ವಾ?" ಎಂದು ಪ್ಲಾಂಟರನ್ನು ಕೇಳಿದರು. ಅವರು ತಲೆ ಕೆರೆದುಕೊಂಡು, ತಿಂಡಿ ತಿನ್ನುವಾಗ ಇದನ್ನೇ ಕೇಳುವುದು ಎಂದರು. "ಹಾಗಾದ್ರೆ ಹಾಲಿನಲ್ಲಿರೋದು ನೆಂಟ್ರಿಗೆ. ಅದು ಅಲ್ಲೇ ಇರ್ಲಿ. ನೀವು ಇಲ್ಲಿ ಒಂದು ಒಳ್ಳೆ ಕುರ್ಚಿ ಹಾಕ್ಕೊಳ್ಳಿ." ಬರುವಾಗ ನಮಗೆ ಜೀಪು ಸಿಗಲಿಲ್ಲ. ಮುಖ್ಯರಸ್ತೆಯವರೆಗೆ ನಡೆದೇ ಬಂದೆವು. ಸಂತಾಪ ಸಭೆಯಲ್ಲಿ ವಿಮೆಯ ಜೋಕು ಹೇಳಿದ್ದು ಅದೇ ಪ್ಲಾಂಟರು.

ನನಗೆ ಒಪ್ಪುವ ಸ್ಪೀಕರಿಗಾಗಿ ನಾವು ಒಂದು ಇಡೀ ಬೇಸಿಗೆ ಅಲೆದೆವು. ಚಿಕ್ಕಮಗಳೂರಿನ ಅಂಗಡಿಗಳಲ್ಲಿ ನನ್ನ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿ ಕೇಳುತ್ತಿದ್ದೆವು. ಅಂಗಡಿಯವರು ಥಳುಕಿನ ಸಿನಿಮಾ ಹಾಡು ಹಾಕಲು ಬಂದರೆ ಇವರು ಕೈ ಅಡ್ಡ ಹಿಡಿಯುತ್ತಿದ್ದರು. ಕೊನೆಗೆ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಒಂದು ಎಸ್ಟೇಟಿನ ಹಳೆಯ ಸಾಮಾನಿನ ಕೋಣೆಯಲ್ಲಿ. ಯಾವುದೋ ಕಾಲದ ದೊಡ್ಡ ರೇಡಿಯೊದ ಮರದ ಪೆಟ್ಟಿಗೆ, ಅದರಲ್ಲಿ ಒಂದೇ ಒಂದು ಕಾಗದದ ಕೋನು. ಅಂಚನ್ನು ಹುಳ ತಿಂದಿತ್ತು. ತೆಳು ಕಾಗದವನ್ನು ಬಿಳಿ ಗೋಂದಿನಲ್ಲಿ ನೆನೆಸಿ, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ತೇಪೆ ಹಾಕಿದರು. ಎರಡು ದಿನ ನನ್ನ ಬೀರುವಿನ ಬಲ್ಬಿನ ಬಿಸಿಯಲ್ಲೇ ಒಣಗಿಸಿದರು. ಆಮೇಲೆ ಹೊದಿಕೆಯ ಹಿಂದೆ ಇಟ್ಟು ಕೇಳಿಸಿದರು.

ಮದ್ದಲೆಗೆ ಗಾಜು ನಡುಗಲಿಲ್ಲ. ಪದ ಮುಗಿಯಿತು. ನಾನು ಕಣ್ಣು ಮುಚ್ಚಿ ಕೂತಿದ್ದೆ.

"ಏನು ಕೇಳಿಸ್ತು?"

"ಉಸಿರು" ಎಂದೆ.

"ಯಾರ್ದು?"

"ಅರ್ಥಧಾರಿಯದ್ದು. ಎದುರಿನವನಿಗೆ ಉತ್ತರ ಕೊಡೋದಕ್ಕೆ ಮುಂಚೆ ಒಂದು ಉಸಿರು ಎಳ್ಕೊಂಡ್ರು. ಇಷ್ಟು ವರ್ಷ ಈ ಕ್ಯಾಸೆಟ್ಟಲ್ಲಿ ಅದು ಇದೆ ಅಂತ್ಲೇ ಗೊತ್ತಿರ್ಲಿಲ್ಲ."

ಅವರು ಹೊದಿಕೆಯ ಹಿಂದಿನಿಂದ ಹೊರಗೆ ಬಂದರು. "ಅದೇ ನಿಮ್ಮ ಸ್ಪೀಕರ್" ಎಂದರು. ಆಮೇಲೆ ಹಗ್ಗದಿಂದ ಹೊದಿಕೆ ಎಳೆದು ಮಡಿಸುತ್ತ, "ಎಕ್ಸ್‌ಚೇಂಜಲ್ಲಿ ಇದ್ದೋರಲ್ವಾ ನೀವು. ಇನ್ನೆಂತ ಕೇಳ್ತೀರಿ?" ಎಂದರು.

ಅದು ನಿಜ. ಟ್ರಂಕ್ ಕಾಲ್‌ಗಳನ್ನು ನಾವೇ ಕೈಯಿಂದ ಜೋಡಿಸಿಕೊಡುತ್ತಿದ್ದ ಕಾಲದಲ್ಲಿ ಆಚೆಯವರು ಹಲೋ ಎನ್ನುವ ಮೊದಲಿನ ಉಸಿರಿನಲ್ಲೇ ಸಾವಿನ ಸುದ್ದಿಯೋ ಹೆರಿಗೆಯ ಸುದ್ದಿಯೋ ನನಗೆ ತಿಳಿಯುತ್ತಿತ್ತು. ಊರಿನ ಎಲ್ಲರ ಉಸಿರು ಕೇಳಿದವನಿಗೆ ತನ್ನದೇ ಮನೆಯಲ್ಲಿ ಇನ್ನೊಬ್ಬರ ಉಸಿರಿರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನಾನು ಒಪ್ಪುತ್ತಲೂ ಇರಲಿಲ್ಲ. ನೀಲಿ ದೀಪದ ಸ್ಪೀಕರುಗಳನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ಅವರು ಈಗಲೂ ಸುಖವಾಗಿದ್ದಾರೆ.

ಆಮೇಲೆ ಕೆಲಸವಿಲ್ಲದಿದ್ದರೂ ಅವರು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬರತೊಡಗಿದರು. ನನ್ನ ವಾರಕ್ಕೆ ಒಂದು ಭಾನುವಾರ ಬಂದದ್ದು ಆಗಲೇ. ಶನಿವಾರವೇ ಕೋಣೆ ಗುಡಿಸುತ್ತಿದ್ದೆ. ನನ್ನ ತಾಳಮದ್ದಲೆ ಒಂದು ಗಂಟೆ, ಅವರ ಸಂಗೀತ ಕಾಲು ಗಂಟೆ. ಕಾಲು ಗಂಟೆ ಯಾಕೆಂದರೆ ಅವರಿಗೆ ಬೇಕಾಗಿದ್ದದ್ದು ಹಾಡಲ್ಲ, ಹಾಡಿಗೆ ಮೊದಲಿನ ತಂಬೂರಿ. ಗಾಯಕ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ ಕೂಡಲೇ "ಸಾಕು, ಇನ್ನೊಂದು ಹಾಕಿ" ಎನ್ನುತ್ತಿದ್ದರು. ಒಂದು ದಿನ ತಡೆಯದೆ ಯಾಕೆಂದು ಕೇಳಿದೆ. "ಇನ್ನೂ ಯಾರೂ ಬಂದಿಲ್ಲ, ಆದ್ರೆ ಬರ್ತಾರೆ ಅಂತ ಗೊತ್ತಾಗ್ತದಲ್ಲ, ಅಷ್ಟು ಹೊತ್ತು ಸಾಕು ನಂಗೆ" ಎಂದರು.

ಇನ್ನು ಕಾಫಿಯ ಮಾತು. ನಮ್ಮ ಕಡೆ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದುಂಟೇ? ಕೊಟ್ಟದ್ದನ್ನು ಬೇಡ ಎನ್ನುವುದಂತೂ ಇಲ್ಲವೇ ಇಲ್ಲ. ಆದರೆ ಅವರು ಕೆಲಸದಲ್ಲಿದ್ದ ಕಾಲದಲ್ಲಿ ಹೆಂಗಸರು ಅವರಿಗೆ ಕಾಫಿ ಕೊಡಲು ಹೆದರುತ್ತಿದ್ದರಂತೆ. ಒಂದು ಗುಟುಕು ಕುಡಿದು, "ಇದು ನಿಮ್ಮ ಕೆಳಗಿನ ತೋಟದ್ದು, ಮೂಟೆ ಗೊಬ್ಬರದ ಪಕ್ಕ ಇಟ್ಟಿದ್ರಿ ಅಲ್ವಾ?" ಎಂದುಬಿಡುತ್ತಿದ್ದರಂತೆ. ಕಾಫಿ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಎಳೆದುಕೊಳ್ಳುತ್ತದೆ ಎಂದು ನನಗೆ ಹೇಳಿದ್ದೂ ಅವರೇ. ನನ್ನ ಮನೆಯಲ್ಲಿ ಮಾತ್ರ ಅವರು ಎಂದೂ ಹಾಗೆ ಹೇಳಲಿಲ್ಲ. ಲೋಟ ಬರಿದು ಮಾಡಿ ತುಟಿ ಒರೆಸಿಕೊಂಡು "ಚೆನ್ನಾಗಿದೆ" ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಮೂರ್ಖ ನಾನು. ಆ ಪದವನ್ನು ಅವರು ಯಾವ ಅರ್ಥದಲ್ಲಿ ಬಳಸುತ್ತಾರೆಂದು ಮೊದಲ ದಿನವೇ ಹೇಳಿರಲಿಲ್ಲವೇ?

ಆ ವರ್ಷದ ಆಷಾಢದಲ್ಲಿ ಥಂಡಿಗೆ ಕಾಫಿಪುಡಿ ಉಂಡೆ ಕಟ್ಟುತ್ತಿತ್ತು. ಬೆಚ್ಚಗಿರಲಿ ಎಂದು ಪುಡಿಯ ಡಬ್ಬವನ್ನು ಬಲ್ಬು ಉರಿಯುವ ಬೀರುವಿನೊಳಗೆ ಕ್ಯಾಸೆಟ್ಟುಗಳ ನಡುವೆ ಇಟ್ಟೆ. ಮುಚ್ಚಳ ಸಡಿಲ. ಹುಳ ಬಾರದಿರಲೆಂದು ಅಲ್ಲಿ ಮುಷ್ಟಿ ತುಂಬ ನುಸಿಗುಳಿಗೆ ಹಾಕಿದ್ದು ತಲೆಗೇ ಬರಲಿಲ್ಲ. ವಾರ ಬಿಟ್ಟು ಭಾನುವಾರ ಅದೇ ಪುಡಿಯಲ್ಲಿ ಕಾಫಿ ಮಾಡಿ ಅವರಿಗೆ ಕೊಟ್ಟೆ. ನನಗೆ ನೆಗಡಿಯಾಗಿದ್ದರಿಂದ ಮಾಡುವಾಗ ಏನೂ ತಿಳಿಯಲಿಲ್ಲ. ನನ್ನ ಲೋಟ ಬಾಯಿಗಿಟ್ಟೆ ನೋಡಿ, ಕಟ್ಟಿದ ಮೂಗನ್ನೂ ಸೀಳಿಕೊಂಡು ನುಸಿಗುಳಿಗೆಯ ವಾಸನೆ ನೆತ್ತಿಗೇರಿತು. ಅಯ್ಯಯ್ಯೋ ಎನ್ನುತ್ತ ತಲೆ ಎತ್ತಿದರೆ ಅವರು ಕೊನೆಯ ಗುಟುಕು ಮುಗಿಸಿ ಲೋಟ ಕೆಳಗಿಡುತ್ತಿದ್ದರು.

"ಚೆನ್ನಾಗಿದೆ" ಎಂದರು.

ನಾನು ಬಾಯಲ್ಲಿದ್ದದ್ದನ್ನು ನುಂಗಿಕೊಂಡೆ. ಅವರು ಸ್ಪೀಕರಿನ ಕಡೆ ತಿರುಗಿ ತಂಬೂರಿ ಹಾಕಲು ಹೇಳಿದರು.

ಆ ವಾರವಿಡೀ ಅದೇ ಯೋಚನೆ. ಸೌಜನ್ಯಕ್ಕೆ ಕುಡಿದರೇ? ಎದುರಿಗೆ ನಿಂತು ಪ್ಲಾಂಟರಿಗೇ ಹೇಳಿದ ಮನುಷ್ಯ ನನ್ನ ಕಾಫಿಗೆ ಸೌಜನ್ಯ ತೋರಿಸುವುದೇ? ಅಥವಾ ಅವರಿಗೆ ನಿಜವಾಗಿಯೂ ತಿಳಿಯಲಿಲ್ಲವೇ? ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪಕ್ಕಕ್ಕೆ ಕರೆದು ನೇರವಾಗಿ ಕೇಳಿದ್ದರೂ ಆಗುತ್ತಿತ್ತು. ನಾನು ಎರಡನ್ನೂ ಮಾಡಲಿಲ್ಲ. ಮುಂದಿನ ಭಾನುವಾರ ಮೇಜಿನ ಮೇಲೆ ಸಾಲಾಗಿ ಮೂರು ಸ್ಟೀಲ್ ಲೋಟ ಇಟ್ಟೆ. ಎರಡರಲ್ಲಿ ಒಳ್ಳೆಯ ಕಾಫಿ. ಒಂದರಲ್ಲಿ ಅರ್ಧಕ್ಕರ್ಧ ಚಿಕೋರಿ ಸೇರಿದ ಅಗ್ಗದ ಪುಡಿ, ಯಾರ ನಾಲಿಗೆಗೂ ಗೊತ್ತಾಗುವಂಥದ್ದು. ಆವತ್ತಿನ ನನ್ನ ಅವಮಾನಕ್ಕೆ ಒಂದು ಸಣ್ಣ ತಮಾಷೆಯ ಬಡ್ಡಿ ಎಂದು ನನಗೆ ನಾನೇ ಹೇಳಿಕೊಂಡೆ.

ಅವರು ಒಳಗೆ ಬಂದು ಛತ್ರಿ ಮೂಲೆಗೆ ಒರಗಿಸಿ, ಸ್ವೆಟರಿನ ಮೇಲಿನ ನೀರು ಕೊಡವಿ ತಿರುಗಿದವರು ಮೇಜು ನೋಡಿ ನಿಂತರು. ಮೂರು ಬಟ್ಟಲಿನ ಮುಂದೆ ಜೀವನ ಕಳೆದವರು. ಅದು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಗಿ ಚಮಚ ತೆಗೆಯಿತು. ಮೊದಲ ಲೋಟದ ಮೇಲೆ ಬಗ್ಗಿದರು. ಎರಡನೆಯದರ ಮೇಲೆ. ಮೂರನೆಯದರ ಮೇಲೆ. ಮೂಗಿನ ಹೊಳ್ಳೆ ಅಗಲವಾಗುವುದು ನನಗೆ ಕಾಣುತ್ತಿತ್ತು. ಪರೀಕ್ಷೆಯಲ್ಲಿ ಏನೂ ಬಾರದೆ ಬಿಳಿ ಹಾಳೆಯ ಮುಂದೆ ಕೂತ ಮಗುವಿನ ಮುಖವಾಗಿತ್ತು ಅದು. ಆ ಗಳಿಗೆಯಲ್ಲಿ ನಾನು ಲೋಟಗಳನ್ನು ಬಾಚಿ ಬಚ್ಚಲಿಗೆ ಚೆಲ್ಲಬೇಕಿತ್ತು. ನಿಂತು ನೋಡಿದೆ.

ಅವರು ಕುಡಿಯಲಿಲ್ಲ. ನಿಧಾನವಾಗಿ ಚಮಚವನ್ನು ಮೇಜಿನ ಮೇಲೆ ಇಟ್ಟರು.

"ಬೇರೆ ಯಾವ್ದು ಅಂತ ನಿಮಗೆ ಗೊತ್ತಲ್ಲ" ಎಂದರು. "ಸಾಕು ಬಿಡಿ."

ಛತ್ರಿ ತೆಗೆದುಕೊಂಡು ಹೊರಟರು. ನಾನು ಗೇಟಿನವರೆಗೆ ಹಿಂದೆ ಹೋದೆ. ಸಾರ್, ತಮಾಷೆಗೆ ಮಾಡಿದ್ದು ಎಂದೆ. ತಿರುಗಿ ನೋಡಲಿಲ್ಲ. ಚಮಚ ನನ್ನ ಮೇಜಿನ ಮೇಲೆಯೇ ಉಳಿಯಿತು. ಮರೆತರೋ, ಬೇಕೆಂದೇ ಬಿಟ್ಟರೋ ನನಗೆ ಗೊತ್ತಿಲ್ಲ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ನಾನು ಎರಡು ಸಲ ಹಾರ್ಡ್‌ವೇರ್ ಅಂಗಡಿಯವರೆಗೆ ಹೋಗಿ, ಬೇಡದ ಮೊಳೆ ಕೊಂಡು ವಾಪಸು ಬಂದೆ. ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ. ಇನ್ನು ಆ ಸ್ಪೀಕರಿನ ವಿಷಯ. ನನ್ನ ರುಚಿಗೆ ಹೇಳಿ ಮಾಡಿಸಿದ ಸ್ಪೀಕರು, ಜೀವಮಾನದಲ್ಲಿ ಒಮ್ಮೆ ಸಿಗುವಂಥದ್ದು. ಹಾಕಿದರೆ ಅರ್ಥಧಾರಿಯ ಉಸಿರು ಅಷ್ಟೇ ಹತ್ತಿರದಲ್ಲಿ ಕೇಳಿಸುತ್ತಿತ್ತು. ಏನು ಕೇಳಿಸಿತು ಎಂದು ಕೇಳುವವರಿಲ್ಲದೆ ಕೇಳುವುದು ನನಗೆ ಮೊದಲೆಲ್ಲ ಅಭ್ಯಾಸವೇ ಆಗಿತ್ತು. ಈಗ ಆ ಅಭ್ಯಾಸ ತಪ್ಪಿಹೋಗಿತ್ತು. ಅದಕ್ಕೊಂದು ಬಟ್ಟೆ ಮುಚ್ಚಿಟ್ಟೆ. ಒಂಟಿತನ ಅಂದರೇನು ಎಂದು ಅರವತ್ತೆರಡು ವರ್ಷದ ಮೇಲೆ ನನಗೆ ಹೊಸದಾಗಿ ಗೊತ್ತಾಯಿತು.

ಕಾಫಿ ಕೊಯ್ಲು ಶುರುವಾದ ಮೇಲೆ ಪುಡಿ ಅಂಗಡಿಯವನು ಹೇಳಿದ, ಟೇಸ್ಟರ್ ಸಾರ್‌ಗೆ ಹುಷಾರಿಲ್ಲ, ಮನೆ ಖಾಲಿ ಮಾಡಿ ಕಳಸದ ಅಕ್ಕನ ಮನೆಗೆ ಹೋಗಿದ್ದಾರೆ ಎಂದು. ಮಾರನೆಯ ಬೆಳಿಗ್ಗೆ ಚಮಚವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಕಳಸದಲ್ಲಿ ಇಳಿದು ಆಟೋ ಹಿಡಿದು ಆ ಮನೆಯ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಒಂದು ಅಕ್ಷರವೂ ನೆನಪಿರಲಿಲ್ಲ.

ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಇನ್ನೂ ಇಳಿದುಹೋಗಿದ್ದರು. ಸ್ವೆಟರು ಅದೇ. ನನ್ನನ್ನು ನೋಡಿ ಪಕ್ಕದ ಕುರ್ಚಿ ತೋರಿಸಿದರು. ನಾನು ಕರ್ಚೀಫು ಬಿಚ್ಚಿ ಚಮಚವನ್ನು ಅವರ ಅಂಗೈಯಲ್ಲಿಟ್ಟೆ. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ.

"ಆ ಕೊರೊನಾ ವರ್ಷ ಮೂಗು ಹೋಯ್ತು" ಎಂದರು, ನಾನು ಕೇಳದೆಯೇ. "ಎಲ್ಲರಿಗೂ ತಿಂಗಳಲ್ಲಿ ವಾಪಸ್ ಬಂತು. ನಂಗೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಡಬ್ಬದೊಳಗೆ ಮೂಗಿಟ್ಟು ಕೂರ್ತಿದ್ದೆ. ಏನೂ ಇಲ್ಲ. ಗೋಡೆ ಮೂಸಿದ ಹಂಗೆ. ಗೊತ್ತಾದ ದಿನದಿಂದ ಒಂದು ಕಾಫಿ ವರದಿಗೂ ಸಹಿ ಹಾಕ್ಲಿಲ್ಲ. ಅದೊಂದು ಸಮಾಧಾನ." ಚಮಚವನ್ನು ತಿರುಗಿಸಿ ನೋಡಿದರು. "ಈ ಊರುಗಳಲ್ಲಿ ಇದನ್ನ ಯಾರಿಗೆ ಹೇಳೋದು ಮಾರಾಯ್ರೆ? ಆ ಮೂಗಿನಿಂದಾನೇ ನಂಗೆ ನಮಸ್ಕಾರ ಹೊಡೀತಿದ್ರು. ಕಿವಿ ಒಂದು ಉಳಿದಿತ್ತು, ಹಿಡ್ಕೊಂಡೆ. ನಾನಿರೋ ತನಕ ಯಾರಿಗೂ ಹೇಳ್ಬೇಡಿ. ಆಮೇಲೆ ಬೇಕಾದ್ರೆ ಬರೀರಿ, ಹೆಸರು ಹಾಕ್ಬೇಡಿ."

"ಅಕ್ಕಂಗೆ ಗೊತ್ತಾ?" ಎಂದೆ.

ಅಷ್ಟರಲ್ಲಿ ಅಕ್ಕನೇ ತಟ್ಟೆ ಹಿಡಿದು ಹೊರಗೆ ಬಂದರು. ಎಪ್ಪತ್ತು ದಾಟಿದ, ಚುರುಕು ಕಣ್ಣಿನ ಹೆಂಗಸು. "ನಮ್ಮನೆ ಕಾಫಿಗೆ ಮೊದ್ಲೆಲ್ಲ ಇವ ಹೆಸರಿಡದ ದಿನ ಇಲ್ಲ. ಹಾಲು ಹೊಗೆ, ಪುಡಿ ಹಳೇದು, ಅದು ಇದು. ಈಗ ನೋಡಿ, ದಿನಾ ಚೆನ್ನಾಗಿದೆ ಅಂತಾನೆ. ವಯಸ್ಸಾದ ಮೇಲೆ ಬುದ್ಧಿ ಬಂತು" ಎಂದು ಸಂತೋಷದಿಂದ ಹೇಳಿದರು. ಮಂಚದ ಮೇಲಿಂದ ಅವರು ನನ್ನ ಕಡೆ ನೋಡಿದರು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಅಕ್ಕ ತಟ್ಟೆಯನ್ನು ನಮ್ಮಿಬ್ಬರ ನಡುವಿನ ಸ್ಟೂಲಿನ ಮೇಲೆ ಇಟ್ಟರು. ಅದರಲ್ಲಿ ಸಾಲಾಗಿ ಮೂರು ಲೋಟ ಇದ್ದವು. ಅವರಿಗೊಂದು, ನನಗೊಂದು, ಅಕ್ಕನಿಗೊಂದು. "ನೀವು ಕುಡೀತಿರಿ, ಒಲೆ ಮೇಲೆ ಹಾಲು ಬಿಟ್ಟು ಬಂದಿದೀನಿ" ಎಂದು ಒಳಗೆ ಓಡಿದರು.

ಆ ಮೂರು ಲೋಟಗಳನ್ನು ನೋಡಿ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಅವರು ಲೋಟಗಳನ್ನು ನೋಡಿದರು, ನನ್ನನ್ನು ನೋಡಿದರು. ಸ್ವೆಟರಿನೊಳಗೆ ಹೆಗಲು ಸಣ್ಣಗೆ ಅಲುಗಿತು.

"ಹೆದರ್ಬೇಡಿ ಮಾರಾಯ್ರೆ" ಎಂದರು. "ಮೂರೂ ಒಂದೇ."

ಆಮೇಲೆ ಒಂದು ಲೋಟವನ್ನು ನನ್ನ ಕಡೆ ಸರಿಸಿ, ಚಮಚವನ್ನು ನನ್ನ ಕೈಗೆ ಕೊಟ್ಟರು. ನಾನು ಒಂದು ಚಮಚ ಎತ್ತಿ ಅವರ ಹಾಗೆ ಸುರ್ರೆಂದು ಎಳೆದುಕೊಂಡೆ. ನೆತ್ತಿಗೆ ಹತ್ತಿ ಕೆಮ್ಮಿದೆ. ಅವರು ಕಾದರು.

"ಚೆನ್ನಾಗಿ..." ಎಂದವನು ಅಲ್ಲಿಗೇ ನಿಲ್ಲಿಸಿದೆ.

"ಹಾಲು ಸ್ವಲ್ಪ ಹೊಗೆ" ಎಂದೆ. "ಸೌದೆ ಒಲೆಯದ್ದು. ಹಲಸಿನ ಸೌದೆ ಇರ್ಬೇಕು. ಮೊದ್ಲು ಕಹಿ, ಆಮೇಲೆ ನಾಲಿಗೆ ಬದಿಯಲ್ಲಿ ಒಂದು ಹುಳಿ, ಕಿತ್ತಳೆ ಸಿಪ್ಪೆ ಕಚ್ಚಿದ್ರೆ ಬರ್ತದಲ್ಲ, ಅಂಥದ್ದು. ಪುಡಿ ಈ ವರ್ಷದ್ದಲ್ಲ."

ಅವರು ಕಣ್ಣು ಮುಚ್ಚಿಕೊಂಡಿದ್ದರು. ತಲೆ ಸ್ವಲ್ಪ ಮುಂದಕ್ಕೆ ಚಾಚಿತ್ತು, ತುಟಿ ಮುದುಡಿತ್ತು. ನನ್ನ ಮನೆಯಲ್ಲಿ ತಂಬೂರಿ ಕೇಳುವಾಗ ಹೇಗೆ ಕೂರುತ್ತಿದ್ದರೋ ಹಾಗೆ.

"ಹ್ಞೂಂ" ಎಂದರು. "ಇನ್ನೂ ಹ್ಯಾಂಗಿದೆ ಹೇಳಿ."

ಮಧ್ಯಾಹ್ನದ ಬಸ್ಸು ಹೋಯಿತು. ಲೋಟದಲ್ಲಿದ್ದದ್ದು ತಣ್ಣಗಾಯಿತು. ತಣ್ಣಗಾದ ಕಾಫಿಯಲ್ಲಿ ಏನಿದೆ ಎಂದೂ ನಾನು ಹೇಳಿದೆ.